ಸಂತ ಮಿಕಾಯೇಲರ ಪೀಠದ ಗ್ರೀಕ್ ಬರಹ: ಒಂದು ಶಬ್ದದ ಚರಿತ್ರೆ

ಶತಮಾನೋತ್ಸವದ ಸಿದ್ಧತೆಗಳು ಆರಂಭವಾದ ದಿನಗಳಲ್ಲಿ, ಹಡಗಿನಲ್ಲಿ ದುಡಿಯುವ ನಮ್ಮ ಧರ್ಮಕೇಂದ್ರದ ಓರ್ವ ಬಂಧು ಗ್ರೀಸ್ ದೇಶದ ಪಿರೇಯಸ್ ಬಂದರಿನಿಂದ ಒಂದು ಪವಿತ್ರ ಚಿತ್ರಪಟವನ್ನು ತಂದು ದೇವಾಲಯಕ್ಕೆ ಕಾಣಿಕೆಯಾಗಿ ಅರ್ಪಿಸಿದರು. ಮರದ ಹಲಗೆಯ ಮೇಲೆ ಬರೆದ, ನಮ್ಮ ಪಾಲಕರಾದ ಪ್ರಧಾನ ದೂತ ಸಂತ ಮಿಕಾಯೇಲರ ಚಿತ್ರವದು. ಎಡಬದಿಯ ಪೀಠದ ಮೇಲೆ ಅದನ್ನು ಪ್ರತಿಷ್ಠಾಪಿಸಿ, ಕೆಳಗೆ ಕರಿಕಲ್ಲಿನ ಮೇಲೆ ಇಂಗ್ಲಿಷ್, ಕನ್ನಡ, ಗ್ರೀಕ್ ಈ ಮೂರು ಭಾಷೆಗಳಲ್ಲಿ ಒಂದೊಂದು ಸಾಲು ಕೆತ್ತಿಸಬೇಕೆಂದು ಉತ್ಸವ ಸಮಿತಿಯು ತೀರ್ಮಾನಿಸಿತು. ಇಂಗ್ಲಿಷ್ ಸಾಲನ್ನು ದಾನಿಗಳೇ ಬರೆದುಕೊಟ್ಟಿದ್ದರು: ‘ಅವರ್ ಚಾಂಪಿಯನ್ ಆ್ಯಂಡ್ ಡಿಫೆಂಡರ್’. ಉಳಿದೆರಡು ಸಾಲುಗಳ ಹೊಣೆ ನಮ್ಮ ಮೇಲೆ ಬಿತ್ತು. “ಗುರುಮಠದಲ್ಲಿ ಗ್ರೀಕ್ ಓದಿದವರಲ್ಲವೇ ಸ್ವಾಮಿ, ತಮಗೆ ಇದೆಷ್ಟರ ಕೆಲಸ?” ಎಂದರು ಕಾರ್ಯದರ್ಶಿಗಳು. ನಾಳೆ ಸಂಜೆ ಬನ್ನಿರೆಂದು ನಾವೂ ಹೇಳಿಬಿಟ್ಟೆವು. ಆ ನಾಳೆಯು ತಪಸ್ಸು ಕಾಲವೆಲ್ಲವನ್ನೂ ನುಂಗಿತು. ಆ ವಿಳಂಬದ ಲೆಕ್ಕವನ್ನು ಧರ್ಮಕೇಂದ್ರದ ಬಂಧುಗಳಿಗೆ ಒಪ್ಪಿಸುವುದು ಈ ಲೇಖನದ ಉದ್ದೇಶ.

ಮೊದಲು ಇಂಗ್ಲಿಷ್ ಮಾತುಗಳ ಮೂಲವನ್ನೇ ನೋಡೋಣ. ‘ಚಾಂಪಿಯನ್’ ಎಂಬುದು ಲತೀನಿನ ‘ಕಾಂಪುಸ್’, ಅಂದರೆ ಬಯಲು, ಎಂಬ ಶಬ್ದದಿಂದ ಹುಟ್ಟಿದೆ. ಬಯಲಿಗೆ ಇಳಿದು ಕಾದುವವನೇ ಚಾಂಪಿಯನ್. ಮಧ್ಯಯುಗದ ಯೂರೋಪಿನಲ್ಲಿ ವ್ಯಾಜ್ಯಗಳನ್ನು ದ್ವಂದ್ವಯುದ್ಧದಿಂದ ತೀರಿಸುವ ಪದ್ಧತಿಯಿತ್ತು. ಗೆದ್ದವನ ಕಡೆಗೆ ದೇವರಿದ್ದಾನೆಂಬುದು ಅದರ ತರ್ಕ. ಆಯುಧ ಹಿಡಿಯಲಾಗದ ಸ್ತ್ರೀಯರು, ವೃದ್ಧರು, ಯಾಜಕರು ತಮ್ಮ ಬದಲಿಗೆ ಬೇರೊಬ್ಬನನ್ನು ಬಯಲಿಗೆ ಇಳಿಸಬಹುದಾಗಿತ್ತು. ಹಣ ಪಡೆದು ಹಾಗೆ ಕಾದುವವರೂ ಇದ್ದರು. ಇಂತಹ ಪರೀಕ್ಷೆಗಳಿಗೆ ಧರ್ಮಸಭೆಯ ಅನುಮತಿಯಿತ್ತೆಂದು ಕೆಲವರು ಭಾವಿಸುವುದುಂಟು. ಆದರೆ 1215ರ ನಾಲ್ಕನೆಯ ಲಾತೆರಾನ್ ಮಹಾಸಭೆಯು ಕುದಿನೀರು, ಕಾದ ಕಬ್ಬಿಣಗಳ ಪರೀಕ್ಷೆಗಳನ್ನು ಯಾಜಕರು ಆಶೀರ್ವದಿಸಕೂಡದೆಂದು ವಿಧಿಸಿತು. ದ್ವಂದ್ವಯುದ್ಧದ ಮೇಲಿದ್ದ ಹಿಂದಿನ ನಿಷೇಧಗಳನ್ನೂ ಎತ್ತಿಹಿಡಿಯಿತು. ಇಂಗ್ಲೆಂಡಿನಲ್ಲಿ ಆ ಕಾನೂನು ಪೂರ್ತಿ ರದ್ದಾದುದು 1819ರಲ್ಲಿ. ಎರಡು ವರ್ಷಗಳ ಅನಂತರ, 1821ರಲ್ಲಿ, ನಾಲ್ಕನೆಯ ಜಾರ್ಜನ ಕಿರೀಟಧಾರಣೆಯ ಔತಣದಲ್ಲಿ ‘ರಾಜನ ಚಾಂಪಿಯನ್’ ಎಂಬ ಬಿರುದಿನ ಮನೆತನದವನೊಬ್ಬ ಕುದುರೆಯೇರಿ ಸಭಾಂಗಣಕ್ಕೆ ಬಂದು, ರಾಜನ ಹಕ್ಕನ್ನು ಪ್ರಶ್ನಿಸುವವರುಂಟೇ ಎಂದು ಕೈಗವಸನ್ನು ನೆಲಕ್ಕೆಸೆದನು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಆ ಸಂಪ್ರದಾಯ ನಡೆದುದು ಅದೇ ಕೊನೆಯ ಬಾರಿ. ‘ಡಿಫೆಂಡರ್’ ಎಂಬುದೂ ಲತೀನೇ: ಬಡಿದು ದೂರ ಅಟ್ಟುವವನೆಂಬುದು ಅದರ ಮೂಲಾರ್ಥ. ಬೇಲಿಗೆ ಇಂಗ್ಲಿಷಿನವರು ಹೇಳುವ ‘ಫೆನ್ಸ್’ ಇದರದೇ ಮರಿ.

ಇವೆರಡನ್ನೂ ಗ್ರೀಕಿಗೆ ತರುವುದು ಹೇಗೆ? ಇಂದಿನ ನಿಘಂಟನ್ನು ತೆರೆದರೆ ಚಾಂಪಿಯನ್ನನಿಗೆ ‘ಪ್ರೊತಾಥ್ಲಿತಿಸ್’ ಎಂಬ ಮಾತು ಸಿಗುತ್ತದೆ. ಅದು ಆಟದಲ್ಲಿ ಮೊದಲಿಗನಾಗಿ ಬಂದವನ ಹೆಸರು. 2004ರಲ್ಲಿ ಗ್ರೀಸ್ ದೇಶವು ಯೂರೋಪಿನ ಕಾಲ್ಚೆಂಡಾಟದ ಪ್ರಶಸ್ತಿಯನ್ನು ಗೆದ್ದಾಗ ಅಲ್ಲಿನವರು ತಮ್ಮ ಆಟಗಾರರನ್ನು ಕರೆದ ಹೆಸರು. ಪ್ರಧಾನ ದೂತರನ್ನು ಕಪ್ ಗೆದ್ದ ನಾಯಕನನ್ನಾಗಿ ಮಾಡಲು ನಮಗೆ ಮನಸ್ಸಾಗಲಿಲ್ಲ. ಹಾಗಾಗಿ ಹಳೆಯ ಗ್ರೀಕನ್ನೇ ಆಶ್ರಯಿಸಿದೆವು.

ಈ ತೊಡಕು ನಮಗೇ ಮೊದಲು ಬಂದುದಲ್ಲ. ಸಮುವೇಲನ ಮೊದಲನೆಯ ಗ್ರಂಥದ 17ನೆಯ ಅಧ್ಯಾಯದಲ್ಲಿ ಫಿಲಿಷ್ಟಿಯರ ಪಾಳೆಯದಿಂದ ಗೊಲಿಯಾತನು ಹೊರಬರುತ್ತಾನಲ್ಲವೇ? ಇಂಗ್ಲಿಷ್ ಬೈಬಲ್ಲುಗಳು ಅವನನ್ನು ಚಾಂಪಿಯನ್ ಎನ್ನುತ್ತವೆ. ಮೂಲದ ಹೀಬ್ರೂ ಮಾತಿನ ಅರ್ಥ ‘ನಡುವಣ ಮನುಷ್ಯ’ ಎಂದು. ಎರಡು ಸೈನ್ಯಗಳ ನಡುವಿನ ಬಯಲಿಗೆ ಬಂದು ನಿಲ್ಲುವವನು. ಕ್ರಿಸ್ತಪೂರ್ವದಲ್ಲಿ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದ ಯೆಹೂದ್ಯ ಪಂಡಿತರಿಗೆ ಆ ಮಾತು ಒಗ್ಗಲಿಲ್ಲ. ಅವರು ‘ಬಲಾಢ್ಯ ಪುರುಷ’ ಎಂದು ಬರೆದು ಮುಂದೆ ಸಾಗಿದರು. ಲತೀನಿಗೆ ತಂದ ಸಂತ ಜೆರೋಮರಾದರೋ, ‘ನಡುವಣ’ ಎಂಬುದನ್ನು ಹುಟ್ಟಿಗೆ ಸಂಬಂಧಿಸಿ ಓದಿದರೆಂದು ತೋರುತ್ತದೆ; ಅವರ ಲತೀನಿನಲ್ಲಿ ಗೊಲಿಯಾತನು ಜಾರಜನಾಗಿಬಿಟ್ಟನು. ಅದನ್ನು ಅನುಸರಿಸಿದ ಹಳೆಯ ಕಥೋಲಿಕ ಇಂಗ್ಲಿಷ್ ಬೈಬಲ್ ಕೂಡ ಅವನನ್ನು ಕೀಳುಹುಟ್ಟಿನವನೆಂದಿತು. ಸಂತ ಜೆರೋಮರಂಥವರಿಗೇ ಹೀಗಾದ ಮೇಲೆ ನಮ್ಮ ವಿಳಂಬವನ್ನು ಸಮಿತಿಯವರು ಕ್ಷಮಿಸುವರೆಂಬ ಧೈರ್ಯ ನಮಗೆ ಬಂದಿತು.

ಗ್ರೀಕ್ ಭಾಷೆಯ ಸ್ವಭಾವವೊಂದನ್ನು ಇಲ್ಲಿ ಗಮನಿಸಬೇಕು. ಒಬ್ಬನು ನಮ್ಮನ್ನು ಕಾಯುತ್ತಾನೆಂದರೆ ಅದಕ್ಕೆ ಸಾಲದು. ಎಲ್ಲಿ ನಿಂತು ಕಾಯುತ್ತಾನೆ, ಏನನ್ನು ಹಿಡಿದು ಕಾಯುತ್ತಾನೆ ಎಂಬುದನ್ನೂ ಅದು ಕೇಳುತ್ತದೆ. ಮುಂದೆ ನಿಂತು ಕಾದಿದರೆ ‘ಪ್ರೊಮಖೋಸ್’. ಅಥೆನ್ಸಿನ ಕೋಟೆಬೆಟ್ಟದ ಮೇಲೆ ಶಿಲ್ಪಿ ಫಿಡಿಯಾಸನು ನಿಲ್ಲಿಸಿದ ಅಥೇನ ದೇವತೆಯ ಕಂಚಿನ ಮೂರ್ತಿಗೆ ಈ ಹೆಸರು ಅಂಟಿಕೊಂಡಿದೆ. ಅವಳ ಈಟಿಯ ಮೊನೆ ಸಮುದ್ರದಲ್ಲಿ ಬರುವ ನಾವಿಕರಿಗೂ ಕಾಣುತ್ತಿತ್ತೆಂದು ಪೌಸಾನಿಯಸ್ ಎಂಬ ಪ್ರವಾಸಿ ಬರೆದಿದ್ದಾನೆ. ನಮ್ಮ ದಾನಿಗಳೂ ನಾವಿಕರೇ ಆದರೂ, ಆ ಹೆಸರನ್ನು ಪೀಠದ ಕೆಳಗೆ ತರುವುದು ಬೇಡವೆನಿಸಿತು.

ಮತ್ತೊಬ್ಬರ ಪರವಾಗಿ ಕಾದಿದರೆ ‘ಹುಪೆರ್ಮಖೋಸ್’. ಚಾಂಪಿಯನ್ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಗ್ರೀಕ್ ಮಾತಿಲ್ಲ. ಗ್ರೀಕಿನಲ್ಲೇ ರಚಿತವಾದ ಜ್ಞಾನಗ್ರಂಥದಲ್ಲಿ, ನೀತಿವಂತರ ಪರವಾಗಿ ಸೃಷ್ಟಿಯೇ ಕಾದುತ್ತದೆ ಎನ್ನುವಲ್ಲಿ ಈ ಶಬ್ದವಿದೆ. ಆದರೆ ನಮ್ಮನ್ನು ಹೆಚ್ಚು ಸೆಳೆದುದು ಮಕ್ಕಬಿಯರ ಎರಡನೆಯ ಗ್ರಂಥದ 8ನೆಯ ಅಧ್ಯಾಯ. ಸೇನಾಪತಿ ನಿಕಾನೋರನು ಯೆಹೂದ್ಯರನ್ನು ಸೋಲಿಸುವ ಮೊದಲೇ ಗುಲಾಮ ವ್ಯಾಪಾರಿಗಳನ್ನು ಕರೆಸಿ, ಒಂದು ತಲೆಂತಿಗೆ 90 ಜನರಂತೆ ಮಾರುವುದಾಗಿ ಮಾತುಕೊಡುತ್ತಾನೆ. ರೋಮಿನವರಿಗೆ ಸಲ್ಲಬೇಕಾದ 2000 ತಲೆಂತುಗಳ ಕಪ್ಪವನ್ನು ಈ ಮಾರಾಟದಿಂದ ಕೂಡಿಸುವುದು ಅವನ ಲೆಕ್ಕಾಚಾರ. ಯುದ್ಧದಲ್ಲಿ ಅವನೇ ಸೋತು, ಜರತಾರಿಯ ಉಡುಪನ್ನು ಕಳಚಿ, ಓಡಿಹೋದ ಗುಲಾಮನಂತೆ ಒಬ್ಬಂಟಿಯಾಗಿ ಅಂತಿಯೋಕ್ಯವನ್ನು ಸೇರುತ್ತಾನೆ. ಯೆಹೂದ್ಯರಿಗೆ ಒಬ್ಬ ಹುಪೆರ್ಮಖೋಸನಿದ್ದಾನೆ ಎಂದು ಸಾರುವವನು ಈ ನಿಕಾನೋರನೇ! ಜನರನ್ನು ತಲೆಯೆಣಿಸಿ ಮಾರಹೊರಟವನ ಬಾಯಿಂದಲೇ ಅವರ ರಕ್ಷಕನ ಹೆಸರು ಹೊರಟಿತು.

ಕ್ರಿ.ಶ. 626ರ ಬೇಸಗೆಯಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಅವಾರರ ಸೈನ್ಯವು ಮುತ್ತಿತು. ಜಲಸಂಧಿಯ ಆಚೆ ದಡದಲ್ಲಿ ಪಾರಸಿಗಳ ಪಾಳೆಯ. ಚಕ್ರವರ್ತಿ ಹೆರಾಕ್ಲಿಯಸ್ಸನು ದೂರದ ಪೂರ್ವದ ದಂಡಯಾತ್ರೆಯಲ್ಲಿ. ಪೇಟ್ರಿಯಾರ್ಕ್ ಸೆರ್ಗಿಯಸರು ಪವಿತ್ರ ಚಿತ್ರಪಟವನ್ನು ಹೊತ್ತು ಕೋಟೆಗೋಡೆಯ ಮೇಲೆ ಮೆರವಣಿಗೆ ನಡೆಸಿದರು. ಆಗಸ್ಟ್ ತಿಂಗಳಲ್ಲಿ ಮುತ್ತಿಗೆ ಮುರಿಯಿತು. ದೇವಮಾತೆಯ ಸ್ತುತಿಯಾಗಿ ನಿಂತೇ ಹಾಡುವ ‘ಅಕಾಥಿಸ್ತೋಸ್’ ಗೀತೆಯ ಮೊದಲಿಗೆ ಆ ಸಂದರ್ಭದಲ್ಲಿ ಒಂದು ಪದ್ಯ ಸೇರಿತೆಂದು ಸಂಪ್ರದಾಯವು ಹೇಳುತ್ತದೆ. ಅದರಲ್ಲಿ ಮಾತೆ ಮರಿಯಮ್ಮನವರನ್ನು ಹುಪೆರ್ಮಖೋಸ್ ಎಂದೂ, ಸೇನಾಪತಿ ಎಂದೂ ಕರೆಯಲಾಗಿದೆ. ಸೇನಾಪತಿ ಎಂಬುದು ಗ್ರೀಕಿನಲ್ಲಿ ಪುಲ್ಲಿಂಗ. ಅದರ ಮುಂದೆ ಕವಿ ಸ್ತ್ರೀಲಿಂಗದ ಗುರುತನ್ನಿಟ್ಟಿದ್ದಾನೆ. ಒಂದೇ ಅಕ್ಷರದ ವ್ಯತ್ಯಾಸ. ಒಬ್ಬ ತಾಯಿ ಸೈನ್ಯದ ಮುಂದೆ ಬಂದು ನಿಂತಳು. ಇಂಗ್ಲಿಷಿಗೆ ಅದನ್ನು ತಂದವರು ಒಬ್ಬರಂತೆ ಒಬ್ಬರು ಬರೆದಿಲ್ಲ. ಗ್ರೀಕ್ ಕ್ರೈಸ್ತರು ತಪಸ್ಸು ಕಾಲದ ಶುಕ್ರವಾರಗಳಂದು ಇಂದಿಗೂ ಹಾಡುವ ಈ ಗೀತೆಯು ಆ ಶಬ್ದವನ್ನು ದೇವಮಾತೆಯ ಸ್ವತ್ತನ್ನಾಗಿ ಮಾಡಿಬಿಟ್ಟಿದೆ. ಅವರಿಂದ ಕಿತ್ತು ದೇವದೂತರಿಗೆ ಕೊಡುವುದು ನಮಗೆ ಸರಿದೋರಲಿಲ್ಲ.

ಇನ್ನು ಗುರಾಣಿ. ‘ಅಸ್ಪಿಸ್’ ಎಂದರೆ ಗುರಾಣಿ. ಮತ್ತೊಬ್ಬನ ಮೇಲೆ ಅದನ್ನು ಹಿಡಿಯುವವನು ‘ಹುಪೆರಸ್ಪಿಸ್ತೇಸ್’. ಇಂದಿನ ಗ್ರೀಕರೂ ಡಿಫೆಂಡರ್ ಎಂಬುದಕ್ಕೆ ಸಾಮಾನ್ಯವಾಗಿ ಬಳಸುವ ಮಾತಿದು. ಕೀರ್ತನೆಗಳಲ್ಲಿ ದೇವರನ್ನು ಬಂಡೆ ಎಂದು ಹೀಬ್ರೂ ಕರೆದ ಕೆಲವೆಡೆ, ದೇವರನ್ನು ಕಲ್ಲೆನ್ನಲು ಅಳುಕಿದ ಗ್ರೀಕ್ ಭಾಷಾಂತರಕಾರರು ಈ ಶಬ್ದವನ್ನು ಇಟ್ಟರು. ಲೂಥರನ ಆಕ್ಷೇಪಣೆಗಳಿಂದ ತಮ್ಮ ಗ್ರಂಥವೊಂದನ್ನು ಕಾಪಾಡಲು ಪಂಡಿತ ಇರಾಸ್ಮಸರು 1526 ಮತ್ತು 1527ರಲ್ಲಿ ಎರಡು ಭಾಗಗಳ ಉತ್ತರವನ್ನು ಬರೆದಾಗ, ಲತೀನಿನ ಆ ಪುಸ್ತಕಕ್ಕೆ ಇಟ್ಟ ಹೆಸರೂ ಇದೇ. ಪುಸ್ತಕಕ್ಕೆ ಪುಸ್ತಕವೇ ಗುರಾಣಿ!

ಅದೇ ಕಾಲದಲ್ಲಿ ಇನ್ನೊಂದು ಪುಸ್ತಕವು ಒಬ್ಬ ಅರಸನಿಗೆ ಬಿರುದನ್ನು ಗಳಿಸಿಕೊಟ್ಟಿತ್ತು. ಇಂಗ್ಲೆಂಡಿನ ಎಂಟನೆಯ ಹೆನ್ರಿಯು ಲೂಥರನಿಗೆ ಎದುರಾಗಿ ಏಳು ಸಂಸ್ಕಾರಗಳನ್ನು ಸಮರ್ಥಿಸಿ ಲತೀನಿನಲ್ಲಿ ಗ್ರಂಥ ಬರೆದನು. ಪೋಪ್ ಹತ್ತನೆಯ ಲಿಯೋರವರು ಸಂತುಷ್ಟರಾಗಿ 1521ನೆಯ ಅಕ್ಟೋಬರ್ 11ರಂದು ಅವನಿಗೆ ‘ಫಿದೇಯಿ ದೆಫೆನ್ಸೋರ್’, ವಿಶ್ವಾಸದ ರಕ್ಷಕ, ಎಂಬ ಬಿರುದನ್ನು ದಯಪಾಲಿಸಿದರು. ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. 1535ರ ಜೂನ್ 22ರಂದು ಧರ್ಮಾಧ್ಯಕ್ಷ ಸಂತ ಯೊವಾನ್ನ ಫಿಷರರ, ಜುಲೈ 6ರಂದು ಸಂತ ತೋಮಸ್ ಮೋರರ ಶಿರಚ್ಛೇದವಾಯಿತು. ಇಬ್ಬರೂ ಜೀವ ತೆತ್ತದ್ದು ಹೆನ್ರಿಯ ಆ ಪುಸ್ತಕವೇ ಎತ್ತಿಹಿಡಿದಿದ್ದ ಪೋಪರ ಅಧಿಕಾರಕ್ಕಾಗಿ ಎಂಬುದನ್ನು ಮರೆಯಬಾರದು. ರೋಮ್ ಹಿಂತೆಗೆದುಕೊಂಡ ಬಿರುದನ್ನು 1544ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಅರಸನಿಗೆ ಮರಳಿ ಕಟ್ಟಿತು. 1714ರಿಂದ ಅದು ಅಲ್ಲಿನ ನಾಣ್ಯಗಳ ಮೇಲೆ ಬರತೊಡಗಿತು. ಮೂರನೆಯ ಚಾರ್ಲ್ಸ್ ಅರಸರ ನಾಣ್ಯಗಳಲ್ಲಿಯೂ ‘ಎಫ್. ಡಿ.’ ಎಂಬ ಎರಡಕ್ಷರಗಳಾಗಿ ಉಳಿದಿದೆ. ನಮ್ಮ ಕರಾವಳಿಯ ತಾಯಂದಿರು ‘ಪವನು’ ಎಂದು ಎಣಿಸುವ ಎಂಟು ಗ್ರಾಂ ಚಿನ್ನದ ಅಳತೆಯು ಇಂಗ್ಲಿಷರ ಸಾವರಿನ್ ನಾಣ್ಯದ್ದು. ಅಜ್ಜಿಯ ಕಾಲದ ಪವನಿನ ಸರವಿರುವ ಮನೆಯವರು ವಿಕ್ಟೋರಿಯ ರಾಣಿಯ ನಾಣ್ಯವೊಂದನ್ನು ಬೆಳಕಿಗೆ ಹಿಡಿದು ನೋಡಲಿ: ಫಿಷರರನ್ನೂ ಮೋರರನ್ನೂ ಕೊಂದವನ ಬಿರುದು ಅಲ್ಲಿ ಕಂಡೀತು.

ಬಿರುದು ಕೊಟ್ಟ ಲಿಯೋರವರು ಅರಸನಿಂದ ನಿರೀಕ್ಷಿಸಿದ್ದು ಖಡ್ಗವನ್ನೋ, ಲೇಖನಿಯನ್ನೋ? ಲತೀನಿನ ಒಂದೇ ಮಾತಿನಲ್ಲಿ ಎರಡೂ ಅಡಗುತ್ತವೆ. ಗ್ರೀಕನಾದರೆ ಹಾಗೆ ಅಡಗಿಸಿಡಲಾರ.

ಆದರೆ ‘ದೆಫೆನ್ಸೋರ್’ ಎಂಬ ಲತೀನ್ ಮಾತಿಗೆ ಹೆನ್ರಿಗಿಂತ ಸಾವಿರ ವರ್ಷ ಹಳೆಯದಾದ, ಅವನಿಗಿಂತ ಗೌರವದ ಇತಿಹಾಸವೊಂದಿದೆ. 368ರ ಸುಮಾರಿಗೆ ರೋಮನ್ ಚಕ್ರವರ್ತಿ ಒಂದನೆಯ ವಾಲೆಂಟಿನಿಯನ್ನನು ಬಲಿಷ್ಠರ ಅನ್ಯಾಯದಿಂದ ಸಾಮಾನ್ಯ ಜನರನ್ನು ಕಾಯಲು ನಗರಗಳಲ್ಲಿ ‘ದೆಫೆನ್ಸೋರ್’ ಎಂಬ ಅಧಿಕಾರಿಗಳನ್ನು ನೇಮಿಸುವ ಶಾಸನ ಮಾಡಿದನು. ಸಣ್ಣಪುಟ್ಟ ವ್ಯಾಜ್ಯಗಳಿಗಾಗಿ ಬಡವನು ದೊಡ್ಡ ಅಧಿಕಾರಿಯ ಬಾಗಿಲಲ್ಲಿ ಕಾಯಬಾರದು ಎಂಬುದೇ ಉದ್ದೇಶ. ಗ್ರೀಕ್ ಆಡುವ ಪ್ರಾಂತಗಳಲ್ಲಿ ಈ ಅಧಿಕಾರಿಗೆ ‘ಎಕ್ದಿಕೋಸ್’ ಎಂದು ಹೆಸರಾಯಿತು. ‘ದಿಕೇ’ ಎಂದರೆ ನ್ಯಾಯ. 401ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಆಫ್ರಿಕದ ಧರ್ಮಾಧ್ಯಕ್ಷರು, ಶ್ರೀಮಂತರ ಬಲಾತ್ಕಾರಕ್ಕೆ ಸಿಕ್ಕಿದ ಬಡವರಿಗಾಗಿ ಇಂಥ ರಕ್ಷಕರನ್ನು ನೇಮಿಸಬೇಕೆಂದು ಚಕ್ರವರ್ತಿಯನ್ನು ಬೇಡಿಕೊಂಡರು. 451ರ ಕಾಲ್ಸೆದೋನ್ ಮಹಾಸಭೆಯ ಹೊತ್ತಿಗೆ ಧರ್ಮಸಭೆಗೂ ತನ್ನದೇ ಎಕ್ದಿಕೋಸ್ ಇದ್ದನು: ಹಣಕ್ಕೆ ಮಾರಬಾರದ ಪದವಿಗಳ ಪಟ್ಟಿಯಲ್ಲಿ ಅದರ ಹೆಸರನ್ನು ಮಹಾಸಭೆ ಹೇಳಿದೆ. ಮಾರಬಾರದೆಂದು ವಿಧಿಸಬೇಕಾಯಿತು ಎಂದಮೇಲೆ ಮಾರುವವರಿದ್ದರೆಂದು ತಿಳಿಯಬೇಕು. 598ರಲ್ಲಿ ಪೋಪ್ ಮಹಾ ಗ್ರೆಗೊರಿಯವರು ರೋಮಿನ ಧರ್ಮಸಭೆಯ ದೆಫೆನ್ಸೋರರನ್ನು ಒಂದು ಕ್ರಮಬದ್ಧ ಸಂಘವನ್ನಾಗಿ ಮಾಡಿದರು.

ಈ ಪುಟಗಳನ್ನು ಓದುತ್ತಿದ್ದಾಗ, ಹೇಳಬೇಕೋ ಬೇಡವೋ ಎಂಬ ಹಳೆಯ ಸಂಗತಿಯೊಂದು ನೆನಪಿಗೆ ಬಂದಿತು. ನಾವು ಗುರುದೀಕ್ಷೆ ಪಡೆದ ಹೊಸತರಲ್ಲಿ, ಬೇರೊಂದು ಊರಿನಲ್ಲಿ, ಒಬ್ಬ ವಿಧವೆಯ ಎಂಟು ಸೆಂಟ್ಸು ಜಾಗವನ್ನು ನೆರೆಯ ಬಲಾಢ್ಯನು ಒತ್ತುವರಿ ಮಾಡಿಕೊಂಡಿದ್ದನು. ವಿಚಾರಣೆಯ ದಿನ ತನ್ನ ಜೊತೆ ಕಚೇರಿಗೆ ಬರಬೇಕೆಂದು ಆಕೆ ನಮ್ಮನ್ನು ಕೇಳಿಕೊಂಡಳು. ನಮಗೆ ಅಂದು ಬೇರೆ ಕೆಲಸವಿತ್ತೆಂದು ಹೇಳಿದೆವು. ಇರಲಿಲ್ಲವೆಂದಲ್ಲ, ಮುಂದೂಡಬಹುದಾದ ಕೆಲಸವಾಗಿತ್ತು. ಒಳ್ಳೆಯ ಕಾಗದದ ಮೇಲೆ, ದೇವಾಲಯದ ಮೊಹರು ಒತ್ತಿ, ಒಂದು ಪತ್ರ ಬರೆದುಕೊಟ್ಟೆವು. ಪತ್ರದ ಭಾಷೆ ಚೆನ್ನಾಗಿಯೇ ಇತ್ತು. ಜಾಗ ಹೋಯಿತು. ಮಗಳ ಊರಿಗೆ ಹೊರಡುವ ಮುನ್ನ ಆಕೆ ಆಶೀರ್ವಾದಕ್ಕೆ ಬಂದಾಗ, ದೂರುವ ದನಿಯೇ ಇಲ್ಲದೆ, “ಅಲ್ಲಿ ನನಗಾಗಿ ನಿಲ್ಲಲು ಯಾರೂ ಇರಲಿಲ್ಲ ಸ್ವಾಮಿ” ಎಂದಳು.

ಲೂಕನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ವಿಧವೆಯೊಬ್ಬಳು ನ್ಯಾಯಾಧಿಪತಿಯ ಬೆನ್ನುಬಿದ್ದು ಕೇಳುವುದು ಎಕ್ದಿಕೋಸ್ ಎಂಬ ಮಾತಿಗೆ ಸಂಬಂಧಿಸಿದ ಕ್ರಿಯೆಯನ್ನೇ. ಆದರೂ ಈ ಮಾತು ನಮ್ಮ ಕಲ್ಲಿಗೆ ಒದಗಲಿಲ್ಲ. ಏಕೆಂದರೆ ಸಂತ ಪೌಲರ ಪತ್ರಗಳಲ್ಲಿ ಅದಕ್ಕೆ ದಂಡಿಸುವವನು, ಮುಯ್ಯಿ ತೀರಿಸುವವನು ಎಂಬ ಅರ್ಥವಿದೆ. ನ್ಯಾಯ ಕೊಡಿಸುವವನಿಗೂ ಮುಯ್ಯಿ ತೀರಿಸುವವನಿಗೂ ಒಂದೇ ಹೆಸರು.

ಅಥೆನ್ಸಿನಲ್ಲಿ ನೆಲೆಸಿದ ಪರದೇಶಿಗೆ ಊರಿನ ನಾಗರಿಕನೊಬ್ಬನ ಆಸರೆ ಬೇಕಿತ್ತು. ಅವನು ‘ಪ್ರೊಸ್ತಾತೇಸ್’, ಮುಂದೆ ನಿಲ್ಲುವವನು. ಈ ಮಾತಿನ ಸ್ತ್ರೀಲಿಂಗವನ್ನು ಸಂತ ಪೌಲರು ರೋಮಾಪುರಿಯವರಿಗೆ ಬರೆದ ಪತ್ರದಲ್ಲಿ ಕೆಂಖ್ರೆಯದ ಫೊಯಿಬೆಗೆ ಸಲ್ಲಿಸಿದ್ದಾರೆ: ಅವಳು ಅನೇಕರಿಗೆ, ತಮಗೂ, ಹಾಗೆ ಆಸರೆಯಾದವಳು. ಇಂಗ್ಲಿಷ್ ಭಾಷಾಂತರಗಳು ಅವಳನ್ನು ಬರಿಯ ಸಹಾಯಕಿಯನ್ನಾಗಿ ಮಾಡಿ ಬಹುಕಾಲ ಮೂಲೆಯಲ್ಲಿ ಕೂರಿಸಿದವು.

‘ಪರಾಕ್ಲೇತೋಸ್’ ಎಂಬುದನ್ನು ನಮ್ಮ ಓದುಗರೆಲ್ಲರೂ ಕೇಳಿರುವರು. ಕಷ್ಟದಲ್ಲಿರುವವನು ಪಕ್ಕಕ್ಕೆ ಕರೆದುಕೊಂಡವನು. ನ್ಯಾಯಸ್ಥಾನದಲ್ಲಿ ಆಪಾದಿತನ ಪರವಾಗಿ ಮಾತನಾಡುವವನು. ಸಂತ ಯೊವಾನ್ನರ ಶುಭಸಂದೇಶದಲ್ಲಿ ಇದು ಪವಿತ್ರಾತ್ಮರ ಹೆಸರು, ಅವರ ಮೊದಲನೆಯ ಪತ್ರದಲ್ಲಿ ಯೇಸುಸ್ವಾಮಿಯದೇ ಹೆಸರು. ಸಂತ ಜೆರೋಮರ ಲತೀನ್ ಬೈಬಲ್ ಶುಭಸಂದೇಶದಲ್ಲಿ ಗ್ರೀಕ್ ಶಬ್ದವನ್ನು ಹಾಗೆಯೇ ಉಳಿಸಿ, ಪತ್ರದಲ್ಲಿ ವಕೀಲನೆಂದಿತು. ಇಂಗ್ಲಿಷಿನವರು ಸಾಂತ್ವನಕಾರ, ವಕೀಲ, ಸಲಹೆಗಾರ ಎಂದೆಲ್ಲ ಪ್ರಯತ್ನಿಸಿದರು. ಕನ್ನಡದಲ್ಲಿ ಸಹಾಯಕ, ಪೋಷಕ ಎಂಬ ಮಾತುಗಳು ಬಂದವು. ದೈವತ್ವದ ಈ ಹೆಸರನ್ನು ದೂತರಿಗೆ ಕೊಡುವಂತಿಲ್ಲವೆಂಬುದು ಸ್ಪಷ್ಟ. ಕನ್ನಡದಲ್ಲಿಯೂ ಇದೇ ಬಗೆಯ ತೊಡಕು: ಸಮಿತಿಯವರು ಸೂಚಿಸಿದ ‘ವೀರ ರಕ್ಷಕ’ ಎಂಬುದರಲ್ಲಿ ರಕ್ಷಕ ಎಂದರೆ ನಮ್ಮ ಕಿವಿಗೆ ಲೋಕರಕ್ಷಕ ಯೇಸುವೇ.

ಹೀಗೆ ಎಲ್ಲ ಮಾತುಗಳೂ ಕೈಬಿಟ್ಟ ಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಕೊನೆಗೆ ಮಾಡಿದೆವು. ಪವಿತ್ರ ಗ್ರಂಥವು ಮಿಕಾಯೇಲರನ್ನು ಕುರಿತು ಏನೆನ್ನುತ್ತದೆಂದು ನೋಡಿದೆವು. ಪ್ರಕಟನಾ ಗ್ರಂಥದ 12ನೆಯ ಅಧ್ಯಾಯದಲ್ಲಿ ಅವರು ಮಹಾಸರ್ಪದೊಡನೆ ಕಾದುತ್ತಾರೆ. ನಮ್ಮ ಚಿತ್ರಗಳ ಖಡ್ಗಕ್ಕೆ ಆಧಾರ ಇದೇ. ಆದರೆ ಅಲ್ಲಿಯೇ, ಮೂರು ವಾಕ್ಯಗಳ ಕೆಳಗೆ, ಸೋತ ಶತ್ರುವಿಗೆ ಕೊಟ್ಟ ಹೆಸರನ್ನು ಗಮನಿಸಿರಿ: ಹಗಲಿರುಳೂ ನಮ್ಮ ಮೇಲೆ ದೂರು ಹೊರಿಸುವವನು. ಆಕಾಶದ ಯುದ್ಧವು ಇದ್ದಕ್ಕಿದ್ದಂತೆ ನ್ಯಾಯಾಲಯವಾಗುತ್ತದೆ. ಯೂದನ ಪತ್ರದಲ್ಲಿ, ಮೋಶೆಯ ದೇಹಕ್ಕಾಗಿ ಸೈತಾನನೊಡನೆ ವಾದಿಸುವಾಗ, ಮಿಕಾಯೇಲರು ಅವನನ್ನು ನಿಂದಿಸಲೂ ಹೋಗದೆ ತೀರ್ಪನ್ನು ಪ್ರಭುವಿಗೇ ಬಿಡುತ್ತಾರೆ. ದಾನಿಯೇಲನ ಗ್ರಂಥದ 12ನೆಯ ಅಧ್ಯಾಯದ ಮೊದಲ ವಾಕ್ಯದಲ್ಲಾದರೋ ಅವರ ಉದ್ಯೋಗವನ್ನು ನೇರವಾಗಿ ಹೇಳಿದೆ. ಇಂಗ್ಲಿಷಿನ ಕೆಲವು ಬೈಬಲ್ಲುಗಳು ಅಲ್ಲಿ ಸಂರಕ್ಷಕ ಎಂಬ ಅರ್ಥದ ಮಾತನ್ನು ಹಾಕಿವೆ. ಈ ಗ್ರಂಥಕ್ಕೆ ಹಳೆಯ ಗ್ರೀಕ್ ಭಾಷಾಂತರಗಳು ಎರಡಿವೆ. ಮಿಕಾಯೇಲರನ್ನು ಒಂದು ಮಹಾದೂತನೆಂದರೆ ಇನ್ನೊಂದು ಮಹಾಪ್ರಭುವೆನ್ನುತ್ತದೆ. ಆದರೆ ನಿನ್ನ ಜನರ ಮಕ್ಕಳಿಗಾಗಿ ಅವರು ಏನು ಮಾಡುತ್ತಾರೆ ಎನ್ನುವಲ್ಲಿ ಎರಡರಲ್ಲೂ ಇರುವುದು ಒಂದೇ ಶಬ್ದ: ‘ಹೊ ಹೆಸ್ತೆಕೋಸ್’, ನಿಂತವನು. ಖಡ್ಗವಿಲ್ಲ, ಗುರಾಣಿಯಿಲ್ಲ, ವಾದವೂ ಇಲ್ಲ. ಎದ್ದು ನಿಂತು, ಇನ್ನೂ ನಿಂತೇ ಇರುವವನೆಂಬುದು ಆ ಕ್ರಿಯಾರೂಪದ ಅರ್ಥ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಒಂದು ವಾಕ್ಯವೇ ಬೇಕು. ಕನ್ನಡದ ‘ನಿಂತ’ ಎಂಬುದರಲ್ಲಿ ಅದು ಸಲೀಸಾಗಿ ಕೂರುತ್ತದೆ.

ಆ ರಾತ್ರಿ ಎಂಟು ಸೆಂಟ್ಸು ಜಾಗದ ಆ ತಾಯಿಯನ್ನು ನೆನೆದು ಬಹಳ ಹೊತ್ತು ನಿದ್ರೆ ಬರಲಿಲ್ಲ.

ಕನ್ನಡದ ಸಾಲನ್ನು ‘ನಮಗಾಗಿ ನಿಂತವರು’ ಎಂದು ಬರೆದುಕೊಟ್ಟೆವು. ಗ್ರೀಕಿಗೆ ದಾನಿಯೇಲನ ಆ ಒಂದು ಮಾತು. ಚಾಂಪಿಯನ್ ಎಲ್ಲಿ ಹೋದನೆಂದು ದಾನಿಗಳು ಕೇಳಿದರು. ಇಂಗ್ಲಿಷ್ ಸಾಲಿನಲ್ಲಿ ಇದ್ದಾನೆ, ಅಲ್ಲಿಯೇ ಇರಲಿ ಎಂದೆವು. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಇಂಗ್ಲಿಷಿಗೆ ಇಪ್ಪತ್ತೆರಡು ಅಕ್ಷರ, ಗ್ರೀಕಿಗೆ ಎಂಟೇ. ಅಕ್ಷರಕ್ಕಿಷ್ಟೆಂದು ಕೂಲಿ ಲೆಕ್ಕ ಹಾಕಿದ್ದ ಕಲ್ಲುಕುಟಿಗರಿಗೂ ಸಮಾಧಾನವಾಗಲಿಲ್ಲ. ಗ್ರೀಕಿನ ‘ಸಿಗ್ಮ’ವನ್ನು ನಾವು ಅವಸರದಲ್ಲಿ ತಪ್ಪಾಗಿ ಬರೆದಿರಬೇಕೆಂದು ತಿಳಿದು ಅವರು ಅದನ್ನು ಇಂಗ್ಲಿಷಿನ ‘ಇ’ಯಾಗಿ ತಿದ್ದಿ ಕೆತ್ತಿಬಿಟ್ಟರು. ಆದುದರಿಂದ ಇನ್ನೊಂದು ಕಲ್ಲು ತರಿಸಬೇಕಾಯಿತು. ಈಗ ಪೀಠದ ಕೆಳಗಿರುವುದು ಎರಡನೆಯ ಕಲ್ಲು. ಮೊದಲನೆಯದು ಗುರುನಿವಾಸದ ಹಿಂಬಾಗಿಲಿಗೆ ಮೆಟ್ಟಿಲಾಗಿದೆ, ಅಕ್ಷರಗಳು ಮೇಲ್ಮುಖವಾಗಿಯೇ ಇವೆ.